ಓದುಗರ ಪ್ರಶ್ನೆ: ಕೋಟು, ಟೈ ಮತ್ತು ಲ್ಯಾವೆಂಡರ್ ಅಂಗಿ

1920ರ ದಶಕದ ಲಂಡನ್ ಫೋಟೋಗಳಲ್ಲಿ ಗಿಡ್ಡ ಕೂದಲು ಬಿಟ್ಟು, ಟೈ ಕಟ್ಟಿದ ಹೆಂಗಸರು ಬಹಳ ಕಾಣುತ್ತಾರೆ. ಅವರೆಲ್ಲ ಲೆಸ್ಬಿಯನ್‌ಗಳೇ?
– ಓದುಗರು, ಧಾರವಾಡ

ಅಲ್ಲ. ಆಗ ಅದು ಬರೀ ಫ್ಯಾಷನ್. ಈಟನ್ ಕ್ರಾಪ್ ಎಂಬ ಗಿಡ್ಡ ಕೂದಲು, ನೇರ ಹೊಲಿಗೆಯ ಕೋಟು, ಟೈ ಇವೆಲ್ಲ ಹೊಸ ಕಾಲದ ಹೆಣ್ಣಿನ ಠೀವಿ ಎನಿಸಿಕೊಂಡಿದ್ದವು. ಕಾದಂಬರಿಗಾರ್ತಿ ರಾಡ್‌ಕ್ಲಿಫ್ ಹಾಲ್ ಕೂಡ ಹಾಗೇ ಉಡುತ್ತಿದ್ದರು. ಕೋಟಿನ ಕೆಳಗಿರುತ್ತಿದ್ದುದು ಬಹುಮಟ್ಟಿಗೆ ಸ್ಕರ್ಟೇ ಹೊರತು ಪ್ಯಾಂಟಲ್ಲ.

ನೋಡುವವರ ಕಣ್ಣು ಬದಲಾದದ್ದು 1928ರಲ್ಲಿ. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಯಿದ್ದ ಹಾಲ್ ಅವರ ಕಾದಂಬರಿ ‘ದಿ ವೆಲ್ ಆಫ್ ಲೋನ್ಲಿನೆಸ್’ ಮೇಲೆ ಆಗಸ್ಟಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಹರಿಹಾಯ್ದಿತು. ನವೆಂಬರಿನಲ್ಲಿ ನ್ಯಾಯಾಲಯ ಪುಸ್ತಕವನ್ನು ಅಶ್ಲೀಲವೆಂದು ತೀರ್ಮಾನಿಸಿತು. ಆ ಗದ್ದಲದಲ್ಲಿ ಬೋ ಟೈ ಕಟ್ಟಿದ ಹಾಲ್ ಚಿತ್ರ ಮನೆಮನೆ ತಲುಪಿತು. ನಿನ್ನೆಯವರೆಗೆ ಠೀವಿಯಾಗಿದ್ದ ಉಡುಪು ಗುಮಾನಿಗೆ ಗುರುತಾಯಿತು.

ಹಾಗಾಗಿ ಹಳೆಯ ಫೋಟೋ ಸಿಕ್ಕರೆ ಮೊದಲು ಇಸವಿ ನೋಡಿ, ಆಮೇಲೆ ಜಾಗ. ಪ್ಯಾರಿಸ್ಸಿನ ‘ಲ ಮೊನಾಕ್ಲ್’ ನೈಟ್‌ಕ್ಲಬ್ಬಿನಲ್ಲಿ 1930ರ ದಶಕದ ಆರಂಭದಲ್ಲಿ ಬ್ರಸಾಯ್ ತೆಗೆದ ಟಕ್ಸೀಡೊ ಹೆಂಗಸರ ಚಿತ್ರಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕ್ಲಬ್ಬೇ ಲೆಸ್ಬಿಯನ್‌ಗಳದು.

ಅಮೆರಿಕದಲ್ಲಿ ಹೆಣ್ಣು ಕನಿಷ್ಠ ಮೂರು ಹೆಣ್ಣುಡುಪು ತೊಡಲೇಬೇಕೆಂಬ ಕಾನೂನಿತ್ತಂತೆ. ನಿಜವೇ?
– ಓದುಗರು, ಶಿವಮೊಗ್ಗ

ಅರ್ಧ ನಿಜ. 1940–60ರ ದಶಕಗಳಲ್ಲಿ ಸಲಿಂಗಿಗಳು ಸೇರುತ್ತಿದ್ದ ಬಾರ್‌ಗಳ ಮೇಲೆ ಪೊಲೀಸ್ ದಾಳಿಯಾದಾಗ ‘ಮೂರು ಬಟ್ಟೆ’ ಎಣಿಸುತ್ತಿದ್ದರೆಂದು ಆ ಕಾಲದ ಅನೇಕರು ನೆನೆಸಿಕೊಂಡಿದ್ದಾರೆ. ಆದರೆ ಮೂರು ಎಂಬ ಸಂಖ್ಯೆ ಬರೆದ ಕಾನೂನು ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ಪೊಲೀಸರು ಬಳಸುತ್ತಿದ್ದುದು ಬೇರೆ ಕಾನೂನುಗಳನ್ನು. ಸ್ಯಾನ್ ಫ್ರಾನ್ಸಿಸ್ಕೋದ 1863ರ ಆದೇಶ ‘ತನ್ನ ಲಿಂಗಕ್ಕೆ ಸಲ್ಲದ ಉಡುಪ’ನ್ನೇ ನಿಷೇಧಿಸಿತ್ತು. ನ್ಯೂಯಾರ್ಕಿನ 1845ರ ವೇಷಮರೆಸುವಿಕೆ ಕಾನೂನು ಹುಟ್ಟಿದ್ದು ವೇಷ ಹಾಕಿಕೊಂಡು ಜಮೀನ್ದಾರರ ವಿರುದ್ಧ ದಂಗೆಯೆದ್ದ ಗೇಣಿದಾರರನ್ನು ಹಿಡಿಯಲು! ಪ್ಯಾರಿಸ್ಸಿನದು ಇನ್ನೂ ತಮಾಷೆ: ಪ್ಯಾಂಟು ತೊಡಲು ಹೆಂಗಸರು ಪೊಲೀಸರ ಅನುಮತಿ ಪಡೆಯಬೇಕೆಂಬ 1800ರ ಆದೇಶ ಊರ್ಜಿತವಲ್ಲವೆಂದು ಸರ್ಕಾರ ಹೇಳಿದ್ದು 2013ರಲ್ಲಿ.

ಗಂಡಸರ ಶರ್ಟೇ ನನಗಿಷ್ಟ. ರೆಡಿಮೇಡ್ ಕೊಂಡರೆ ಎದೆಯ ಬಳಿ ಬಾಯಿ ಬಿಡುತ್ತದೆ, ಹೆಗಲು ಜಾರುತ್ತದೆ. ಹೊಲಿಸಲು ಟೈಲರಿಗೆ ಏನು ಹೇಳಲಿ?
– ಓದುಗರು, ದಾವಣಗೆರೆ

ಲೇಡೀಸ್ ಟೈಲರ್ ಕಾಲರಿನಲ್ಲಿ ಎಡವುತ್ತಾರೆ, ಜೆಂಟ್ಸ್ ಟೈಲರ್ ಎದೆಯಲ್ಲಿ. ಕಾಲರ್ ತಿದ್ದುವುದು ಕಷ್ಟ, ಎದೆ ತಿದ್ದುವುದು ಸುಲಭ. ಅದಕ್ಕೇ ಜೆಂಟ್ಸ್ ಟೈಲರ್ ಹತ್ತಿರವೇ ಹೋಗಿ. ಅಳತೆ ಕೊಡಲು ಮುಜುಗರವಾದರೆ ಹೆಗಲು ಸರಿ ಕೂರುವ ಹಳೆಯ ಶರ್ಟನ್ನು ಅಳತೆಗೆ ಕೊಡಿ. ಎದೆ, ಸೊಂಟ, ಸೀಟ್ (ನಿತಂಬ) ಸುತ್ತಳತೆ ಮನೆಯಲ್ಲೇ ತೆಗೆದು ಚೀಟಿಯಲ್ಲಿ ಬರೆದೊಯ್ಯಿರಿ. ಶರ್ಟಿನ ಒಳಗೆ ದಿನವೂ ಏನು ತೊಡುತ್ತೀರೋ ಅದನ್ನೇ ತೊಟ್ಟು ಅಳೆಯಬೇಕು.

ಎದೆಗೆ 4 ಇಂಚು ಲೂಸ್, ಸೀಟಿಗೂ ಅಷ್ಟೇ. ಗಂಡಸರ ಕಟಿಂಗ್ ಕೆಳಗೆ ಕಿರಿದಾಗುವುದರಿಂದ ಸೀಟಿನ ಬಳಿ ಬಿಗಿಯಾಗಿ ಶರ್ಟು ಮೇಲೇರಿ ಮುದುರುತ್ತದೆ. ಹೆಗಲಿನ ಹೊಲಿಗೆ ಮೂಳೆಯ ತುದಿಗೇ ನಿಲ್ಲಲಿ.

ಇನ್ನು ಬಾಯಿ ಬಿಡುವ ಕಥೆ. ಟೈಲರ್ ಕಾಲರಿನಿಂದ ಕೆಳಗೆ ಗುಂಡಿ ಗುರುತು ಹಾಕುತ್ತಾ ಬಂದರೆ ಎದೆಯ ಉಬ್ಬು ಎರಡು ಗುಂಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲ ಗುರುತು ಎದೆಯ ಅತಿ ಉಬ್ಬಿದ ಜಾಗಕ್ಕೆ ಹಾಕಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ 3 ಇಂಚಿಗೊಂದರಂತೆ ಹೋಗಲಿ. ಜೊತೆಗೆ ಗುಂಡಿಪಟ್ಟಿಯ ಒಳಗೊಂದು ಪ್ರೆಸ್ ಬಟನ್. ಎದೆ ತುಂಬಿದ್ದರೆ ಕಂಕುಳ ಕಡೆಯಿಂದ ಅರ್ಧ ಇಂಚಿನ ಡಾರ್ಟ್ (ಬಟ್ಟೆ ಮಡಿಚಿ ಹಾಕುವ ಮೊನೆಯಾದ ಹೊಲಿಗೆ) ಹಿಡಿಸಿ. ಅದು ಎದೆಯ ತುದಿಗಿಂತ 1 ಇಂಚು ಮೊದಲೇ ನಿಲ್ಲದಿದ್ದರೆ ಮೊನೆ ಏಳುತ್ತದೆ. ಸೊಂಟವನ್ನು ಮಾತ್ರ ಹಿಡಿಸಬೇಡಿ. ಹಿಡಿಸಿದಿರೋ, ಅದು ಮತ್ತೆ ಲೇಡೀಸ್ ಶರ್ಟೇ.

ಗುಂಡಿ ಬಲಕ್ಕೆ, ಕಾಜಾ ಎಡಕ್ಕೆ ಎಂದು ಬಾಯಿಬಿಟ್ಟು ಹೇಳಿ. ಹೆಂಗಸರ ಶರ್ಟೆಂದು ತಿಳಿದು ತಿರುಗುಮುರುಗು ಮಾಡಿಬಿಡುತ್ತಾರೆ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಈ ಲೆಕ್ಕವೆಲ್ಲ ಮೊದಲ ಒಗೆತಕ್ಕೇ ಹೋಯಿತು.

ಸೀರೆ ಉಟ್ಟು, ಲಿಪ್‌ಸ್ಟಿಕ್ ಹಚ್ಚುವವಳು ನಾನು. ‘ನೀನು ಲೆಸ್ಬಿಯನ್ ಹಾಗೆ ಕಾಣಲ್ಲ’ ಅನ್ನುತ್ತಾರೆ. ಇತಿಹಾಸದಲ್ಲಿ ನನ್ನಂಥವರ ಉಡುಗೆಯೇ ಇಲ್ಲವೇ?
– ಓದುಗರು, ಬೆಂಗಳೂರು

ಇದೆ, ಹೆಸರೂ ಇದೆ: ಫೆಮ್. 1940–50ರ ದಶಕದ ಅಮೆರಿಕದ ಬಾರ್‌ಗಳಲ್ಲಿ ಪ್ಯಾಂಟು, ಕ್ರಾಪಿನ ಬುಚ್ ಪಕ್ಕದಲ್ಲಿ ಹೀಲ್ಸ್, ಫ್ರಾಕು ತೊಟ್ಟ ಫೆಮ್ ಇದ್ದೇ ಇರುತ್ತಿದ್ದರು. ಒಬ್ಬಳೇ ನಡೆದಾಗ ಯಾರಿಗೂ ಗುರುತು ಸಿಗದಿರುವುದು ಆಗಲೂ ಇದ್ದ ತಕರಾರು. ಬುಚ್‌ಗಳಿಗೆ ಇದಕ್ಕೆ ಉಲ್ಟಾ ಕಾಟ: 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಡಾಟರ್ಸ್ ಆಫ್ ಬಿಲಿಟಿಸ್ ಎಂಬ ಲೆಸ್ಬಿಯನ್ ಸಂಘಟನೆಯೇ ಸಮಾಜ ಒಪ್ಪುವ ಉಡುಪು ತೊಡಿ ಎಂದು ತನ್ನ ಧ್ಯೇಯಗಳಲ್ಲಿ ಬರೆದುಕೊಂಡಿತ್ತು. ಸೀರೆ ಬಿಡುವ ಅಗತ್ಯವಿಲ್ಲ. ಗುರುತು ಬೇಕೆನಿಸಿದರೆ ಸೆರಗಿನ ಪಿನ್ನಿನ ಬಳಿ 2018ರಲ್ಲಿ ಬಂದ ಕಿತ್ತಳೆ-ಬಿಳಿ-ಗುಲಾಬಿ ಪಟ್ಟೆಯ ಲೆಸ್ಬಿಯನ್ ಧ್ವಜದ ಬ್ಯಾಡ್ಜ್ ಸಾಕು.

ಪ್ರೈಡ್ ಮೆರವಣಿಗೆಗೆ ಲ್ಯಾವೆಂಡರ್ ಟೀ ಶರ್ಟ್ ಮನೆಯಲ್ಲೇ ಬಣ್ಣ ಹಾಕಿದೆ. ಕಲೆಕಲೆಯಾಗಿ ಎರಡೇ ಒಗೆತಕ್ಕೆ ಹೋಯಿತು.
– ಓದುಗರು, ಮೈಸೂರು

ಒಳ್ಳೆಯ ಪರಂಪರೆಯಲ್ಲೇ ಇದ್ದೀರಿ. 1970ರ ಮೇ 1ರಂದು ನ್ಯೂಯಾರ್ಕಿನ ಮಹಿಳಾ ಸಮ್ಮೇಳನದಲ್ಲಿ ದೀಪ ಆರಿಸಿ, ಮತ್ತೆ ಬೆಳಕಾದಾಗ ‘ಲ್ಯಾವೆಂಡರ್ ಮೆನೇಸ್’ (ಲ್ಯಾವೆಂಡರ್ ಪಿಡುಗು) ಎಂದು ಬರೆದ ಅಂಗಿ ತೊಟ್ಟು ನಿಂತ ಲೆಸ್ಬಿಯನ್‌ಗಳೂ ಕೈಯಾರೆ ಬಣ್ಣ ಹಾಕಿಕೊಂಡವರೇ.

ಪೂರಾ ಹತ್ತಿಯದೇ ಬೇಕು, ಪಾಲಿಯೆಸ್ಟರ್ ಈ ಬಣ್ಣ ಹಿಡಿಯದು. 200 ಗ್ರಾಂ ತೂಗುವ ಅಂಗಿಗೆ 4 ಲೀಟರ್ ನೀರು, 1–2 ಗ್ರಾಂ ತಣ್ಣೀರಿನ ರಿಯಾಕ್ಟಿವ್ ಬಣ್ಣ, 200 ಗ್ರಾಂ ಉಪ್ಪು. ಒಣ ಅಂಗಿ ಅದ್ದಿದ್ದಕ್ಕೇ ಕಲೆಯಾಗಿರುತ್ತದೆ; ಮೊದಲು ನೆನೆಸಿ ಹಿಂಡಿ, ಅದ್ದಿ 20 ನಿಮಿಷ ಕೈಯಾಡಿಸುತ್ತಿರಿ. ಆಮೇಲೆ ಅಂಗಿ ಎತ್ತಿ, ಬೇರೆ ನೀರಲ್ಲಿ ಕರಗಿಸಿದ 80 ಗ್ರಾಂ ವಾಷಿಂಗ್ ಸೋಡಾ ಬೆರೆಸಿ, ಮತ್ತೆ ಒಂದು ಗಂಟೆ ಬಿಡಿ. ಬಣ್ಣ ನೂಲಿಗೆ ಕಚ್ಚುವುದು ಸೋಡಾದಿಂದ. ಅಡುಗೆ ಸೋಡಾ ನಡೆಯುವುದಿಲ್ಲ. ನೀರು ತಿಳಿಯಾಗುವವರೆಗೆ ಜಾಲಿಸಿ. ಪುಡಿ ಬೆರೆಸುವಾಗ ಗ್ಲೌಸ್, ಮಾಸ್ಕ್ ಇರಲಿ. ಹೊಲಿಗೆಯ ದಾರ ಬೆಳ್ಳಗೇ ಉಳಿದರೆ ಗಾಬರಿ ಬೇಡ, ಅದು ಪಾಲಿಯೆಸ್ಟರ್.

ಬೆಲ್ಟಿಗೆ ಕೊಕ್ಕೆ ಹಾಕಿ ಕೀ ಗೊಂಚಲು ನೇತುಹಾಕಿದವರೆಲ್ಲ ಲೆಸ್ಬಿಯನ್ನೇ?
– ಓದುಗರು, ಉಡುಪಿ

ಪಾಶ್ಚಾತ್ಯ ನಗರಗಳಲ್ಲಿ ಆ ಬೆಟ್ಟ ಹತ್ತುವವರ ಕೊಕ್ಕೆಗೆ ಅಂಥ ಅರ್ಥವಿರುವುದು ಹೌದು. ಕೈಕೆಲಸದ ಬುಚ್‌ಗಳಿಂದ ಬಂದ ರೂಢಿ ಎನ್ನುತ್ತಾರೆ. ಸೊಂಟಕ್ಕೆ ಕೀ ಗೊಂಚಲು ಸಿಕ್ಕಿಸಿದ ಅಜ್ಜಿಯರ ಊರಲ್ಲಿ ಈ ಲೆಕ್ಕ ಹಾಕಲು ಹೋಗಬೇಡಿ.