ಆಂಧ್ರದಲ್ಲಿ ಪಿಯುಸಿ ಓದಿದ ಮಗಳಿಗೆ ನಮ್ಮ ರಾಜ್ಯದ ಮೆಡಿಕಲ್ ಸೀಟು ಸಿಗುತ್ತಾ?

ನಮಸ್ಕಾರ ಸರ್. ಮಗಳು ಹತ್ತನೇ ತರಗತಿವರೆಗೆ ಚಿಂತಾಮಣಿಯಲ್ಲಿ, ಪಿಯುಸಿ ತಿರುಪತಿಯಲ್ಲಿ ಓದಿದ್ದಾಳೆ, ಈಗ ಎರಡೂ ಕಡೆ ಹೊರಗಿನವಳಾಗ್ತಾಳಾ ಅಂತ ಕೇಳಿದ್ದೀರಿ. ಕರ್ನಾಟಕದಲ್ಲಿ ಖಂಡಿತ ಆಗೋದಿಲ್ಲ, ಧೈರ್ಯವಾಗಿರಿ. ಒಂದನೇ ತರಗತಿಯಿಂದ ಪಿಯುಸಿ ಒಳಗೆ 7 ವರ್ಷ ಇಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಇಲ್ಲೇ ಪಾಸಾಗಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) 'ಎ' ನಿಯಮದಡಿ ಅರ್ಹತೆ ಇದೆ. ಆದರೆ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಪ್ರೈಮರಿ, ಹೈಸ್ಕೂಲು ಬೇರೆ ಬೇರೆಯಾಗಿದ್ದರೆ ಎರಡೂ ಕಡೆಯಿಂದ ತರಿಸಿ. ಹೆಸರು, ಇನಿಷಿಯಲ್ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ ನೋಡಿ.

ಆಂಧ್ರದಲ್ಲಿ ಬರೀ ಎರಡು ವರ್ಷ ಓದಿದ್ದಕ್ಕೆ ಅಲ್ಲಿನ ಸ್ಥಳೀಯ ಕೋಟಾ ಸಿಗೋದಿಲ್ಲ. ತಿರುಪತಿ, ಅನಂತಪುರದ ಸರ್ಕಾರಿ ಕಾಲೇಜು ಬೇಕಿದ್ದರೆ ದಾರಿ ಶೇ. 15ರ ಅಖಿಲ ಭಾರತ ಕೋಟಾ. ಅದನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ನಡೆಸುತ್ತದೆ, ಯಾವ ರಾಜ್ಯದವರು ಅಂತ ನೋಡೋದಿಲ್ಲ. ಕೆಇಎಗೆ ಹಾಕಿದ ಅರ್ಜಿ ಅಲ್ಲಿಗೆ ಹೋಗೋದಿಲ್ಲ, ಬೇರೆಯಾಗಿ ನೋಂದಣಿ ಮಾಡಿಸಬೇಕು. ನಮ್ಮ 2ಎ, 3ಎ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ತಾಲ್ಲೂಕು ಕಚೇರಿಯಲ್ಲಿ ಕೇಂದ್ರದ ನಮೂನೆಯಲ್ಲೇ ಬರೆಸಿಕೊಳ್ಳಿ. ಎಷ್ಟೋ ಮಕ್ಕಳು ಇಲ್ಲೇ ಎಡವುತ್ತಾರೆ.

ಕೋಲಾರದ ಟಮಕದ ದೇವರಾಜ ಅರಸು, ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜು ಮನೆಗೆ ಹತ್ತಿರ, ನಿಜ. ಅವು ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜುಗಳಾದ್ದರಿಂದ ಸೀಟು ಎಂಸಿಸಿಯಲ್ಲೇ. 2 ಲಕ್ಷ ಠೇವಣಿ ಕಟ್ಟಬೇಕು, ಫೀಸೂ ಜಾಸ್ತಿ. ನಾನಾಗಿದ್ದರೆ ಮೊದಲು ಚಿಕ್ಕಬಳ್ಳಾಪುರದ ಆಚೆಗೂ ಕರ್ನಾಟಕದ ಎಲ್ಲ ಸರ್ಕಾರಿ ಕಾಲೇಜನ್ನೂ ಆಪ್ಷನ್‌ನಲ್ಲಿ ಹಾಕುತ್ತಿದ್ದೆ. ದೂರ ಅಂತ ಬೀದರ್, ಕಾರವಾರ ಬಿಡಬೇಡಿ.