ವೀಸಾ ನಿಷೇಧ ಬರೀ ತೋರಿಕೆಯಲ್ಲ

ಅಮೆರಿಕ ವೀಸಾ ರದ್ದು ಮಾಡಿದರೆ ಬೇರೆ ದೇಶದ ಭ್ರಷ್ಟ ಅಧಿಕಾರಿಗೆ ಏನು ನಷ್ಟ, ಇದೆಲ್ಲ ಸುಮ್ನೆ ತೋರಿಕೆ ಅಲ್ವಾ ಅಂತ ಕೇಳಿದ್ದೀರಿ. ಪೂರ್ತಿ ತೋರಿಕೆಯಲ್ಲ ಸರ್.

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶ ನೋಡಿ. ಭ್ರಷ್ಟಾಚಾರದ ತನಿಖೆಗಳಿಗೆ ಅಡ್ಡಗಾಲು ಹಾಕಿದರೆಂದು ಅಲ್ಲಿನ ಅಟಾರ್ನಿ ಜನರಲ್ (ಅಪರಾಧ ತನಿಖೆ, ಮೊಕದ್ದಮೆಗಳ ಇಲಾಖೆಯ ಮುಖ್ಯಸ್ಥೆ) ಕೊನ್ಸುವೆಲೊ ಪೊರಾಸ್ ಅವರಿಗೆ ಅಮೆರಿಕ 2022ರಲ್ಲಿ ಪ್ರವೇಶ ನಿಷೇಧಿಸಿತು. ಅವರ ಗಂಡನಿಗೂ ಸೇರಿಸಿ. ಅಮೆರಿಕದ ಆ ಕಾನೂನೇ ಹಾಗೆ, ಹತ್ತಿರದ ಕುಟುಂಬದವರಿಗೂ ಬಾಗಿಲು ಮುಚ್ಚುತ್ತದೆ. ಮಕ್ಕಳ ಓದು, ಆಸ್ಪತ್ರೆ, ರಜೆ ಎಲ್ಲಕ್ಕೂ ಅಮೆರಿಕ ನಂಬಿದವರಿಗೆ ಇದು ಚೆನ್ನಾಗಿಯೇ ಚುರುಕು ಮುಟ್ಟಿಸುತ್ತದೆ. ಆದರೆ ಬ್ಯಾಂಕ್ ಖಾತೆಗೆ ಏನೂ ಆಗುವುದಿಲ್ಲ, ಅದಕ್ಕೆ ಬೇರೆ ಕಾನೂನು ಬೇಕು.

ಪೊರಾಸ್ ಕುರ್ಚಿ ಬಿಡಲಿಲ್ಲ, ನಿಜ. 2023ರ ಅಧ್ಯಕ್ಷ ಚುನಾವಣೆಯಲ್ಲಿ ಭ್ರಷ್ಟಾಚಾರ ವಿರೋಧಿ ಅಭ್ಯರ್ಥಿ ಬರ್ನಾರ್ಡೊ ಅರೆವಾಲೊ ಗೆದ್ದಾಗ ಪೊರಾಸ್ ಇಲಾಖೆಯವರು ಮತಪೆಟ್ಟಿಗೆಗಳನ್ನೇ ತೆರೆದರು! ಆಗ ಮೂಲನಿವಾಸಿಗಳು ರಸ್ತೆ ತಡೆದರು, ಆ ಕಚೇರಿಯ ಮುಂದೆ ನೂರಕ್ಕೂ ಜಾಸ್ತಿ ದಿನ ಕೂತರು. ಡಿಸೆಂಬರ್‌ನಲ್ಲಿ ಅಮೆರಿಕ, ಪ್ರಜಾಪ್ರಭುತ್ವಕ್ಕೆ ಧಕ್ಕೆ ತಂದರೆಂದು, ಗ್ವಾಟೆಮಾಲಾದ ಸುಮಾರು 300 ಜನರ ವೀಸಾಕ್ಕೆ ಕತ್ತರಿ ಹಾಕಿತು. ಅದರಲ್ಲಿ ನೂರಕ್ಕೂ ಹೆಚ್ಚು ಸಂಸದರು, ಇಡೀ ಸಂಸತ್ತಿನಲ್ಲಿರುವುದೇ 160 ಜನ. 2024ರ ಜನವರಿ 15ರಂದು, ಮಧ್ಯರಾತ್ರಿ ದಾಟಿದ ಮೇಲೆ, ಅರೆವಾಲೊ ಪ್ರಮಾಣವಚನ ತೆಗೆದುಕೊಂಡರು.

ನನ್ನ ಪ್ರಕಾರ ಗೆಲುವು ಚಳಿಯಲ್ಲಿ ಕೂತ ಆ ಜನರದ್ದು. ವೀಸಾ ನಿಷೇಧ ಅವರ ಬೆನ್ನಿಗೆ ನಿಂತಿತು, ಅಷ್ಟೇ.