ಮನೆಯಲ್ಲೇ ಮಾಡಿದ ಗಾಳಿಯಂತ್ರದ ವೇಗ ಅಳೆಯಲು ರೀಡ್ ಸ್ವಿಚ್ ಸಾಕೇ?

ಬೀದರಿನ ನಿಮ್ಮ ಮಾಳಿಗೆಯ ಮೇಲಿನ ಯಂತ್ರಕ್ಕೆ ನನ್ನ ಆಯ್ಕೆ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತವನ್ನು ಗುರುತಿಸುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗ. ರೀಡ್ ಸ್ವಿಚ್ ಎಂದರೆ ಆಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್. ತಿರುಗುವ ಅಕ್ಷದಂಡಕ್ಕೆ ಅಂಟಿಸಿದ ಆಯಸ್ಕಾಂತ ಹಾದುಹೋದಾಗಲೆಲ್ಲ ಎರಡೂ ಒಂದು ಮಿಡಿತ ಕೊಡುತ್ತವೆ; ಅದನ್ನೆಣಿಸಿ ವೇಗ ತಿಳಿಯಬಹುದು. ರೀಡ್ ಸ್ವಿಚ್‌ನ ಲೋಹದ ಎಳೆಗಳು ಕೂಡುವಾಗ ಅದುರುತ್ತವೆ. ಒಂದೇ ಸುತ್ತು ಎರಡು ಮೂರಾಗಿ ಎಣಿಕೆಯಾಗಬಹುದು. ವರ್ಷಗಟ್ಟಲೆ ತಿರುಗುವ ಯಂತ್ರದಲ್ಲಿ ಅವು ಸವೆಯುತ್ತವೆ ಕೂಡ.

ಎ3144 ಎಂಬ ಮಾದರಿಯ ಹಾಲ್ ಸೆನ್ಸರ್‌ನಲ್ಲಿ ಚಲಿಸುವ ಭಾಗವೇ ಇಲ್ಲ. ಅದರ ಅಕ್ಷರ ಮುದ್ರಿತ ಮುಖವು ಆಯಸ್ಕಾಂತದ ದಕ್ಷಿಣ ಧ್ರುವಕ್ಕೆ ಮಾತ್ರ ಸ್ಪಂದಿಸುತ್ತದೆ, ಆದ್ದರಿಂದ ಆಯಸ್ಕಾಂತದ ಯಾವ ಬದಿ ಹೊರಗಿರಬೇಕೆಂದು ಅಂಟಿಸುವ ಮೊದಲೇ ಪರೀಕ್ಷಿಸಿ. ಸಂಕೇತದ ತಂತಿಗೂ 5 ವೋಲ್ಟ್‌ಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಅಕ್ಷದಂಡದ ಮೇಲೆ ಎದುರುಬದುರಾಗಿ ಎರಡು ಆಯಸ್ಕಾಂತಗಳಿದ್ದರೆ ತೂಕ ಸಮವಾಗಿರುತ್ತದೆ. ಆಗ 10 ಸೆಕೆಂಡಿನಲ್ಲಿ 40 ಮಿಡಿತ ಬಂದರೆ 20 ಸುತ್ತು, ಅಂದರೆ ನಿಮಿಷಕ್ಕೆ 120. ಮುಖ್ಯವಾಗಿ, ಜನರೇಟರಿನ ಸ್ವಂತ ಆಯಸ್ಕಾಂತಗಳಿಂದ ಸೆನ್ಸರನ್ನು ದೂರವಿಡಿ. ಇಲ್ಲವಾದರೆ ಅವುಗಳನ್ನೂ ಎಣಿಸಿಬಿಡುತ್ತದೆ.